ಒಂದು ಭಾನುವಾರದ ಬಡತನ

ನನ್ನ ಮಗ ಕರಿಬಸವರಾಜನನ್ನು ಕೈಯಿಂದ ಒಂದು ಬಿಡಿಗಾಸೂ ಬಿಚ್ಚದೆ ಕಾಲೇಜು ಓದಿಸಿಯೇ ತೀರುತ್ತೇನೆ ಎಂದು ನಾನು ಘೋಷಿಸಿದ್ದು ೧೯೬೨ರ ಯುಗಾದಿಯ ದಿನ, ಹೋಳಿಗೆ ಬಡಿಸಿದ ಎಲೆಯ ಮುಂದೆ ಕೂತು. ಹಾಗೆ ಘೋಷಿಸುವ ಅಧಿಕಾರ ನನಗಿತ್ತು! ದಾವಣಗೆರೆ ತಾಲ್ಲೂಕು ಕಚೇರಿಯ ಎದುರು, ಬೇವಿನ ಮರದ ಕೆಳಗೆ, ಒಂದು ಇಳಿಜಾರು ಡೆಸ್ಕು, ಒಂದು ಮಸಿಕುಡಿಕೆ, ಒಂದು ನಶ್ಯದ ಡಬ್ಬಿ ಇಟ್ಟುಕೊಂಡು ಹದಿನೆಂಟು ವರ್ಷದಿಂದ ಊರಿನವರ ಅರ್ಜಿ ಬರೆಯುತ್ತಿದ್ದವನು ನಾನು. ಪತ್ರದ ಕೊನೆಯಲ್ಲಿ, ಬರೆದವನ ಹೆಸರಿಗೆ ಮೊದಲು ‘ಬಿಕ್ಕಲಂ’ ಎಂದು ಹಾಕುವುದು ರೂಢಿ. ಹಾಗೆ ಹಾಕಿ ಹಾಕಿ ಊರಿಗೆಲ್ಲ ನಾನು ಬಿಕ್ಕಲಂ ಬಕ್ಕೇಶಪ್ಪನಾಗಿದ್ದೆ. ನಾನು ಬರೆದರೆ ಬತ್ತಿದ ಬಾವಿಗೆ ಸಾಲ ಮಂಜೂರಾಗುತ್ತಿತ್ತು, ಸತ್ತ ಎತ್ತಿಗೆ ಪರಿಹಾರ ಬರುತ್ತಿತ್ತು.

“ಹೌದೌದು,” ಎಂದಳು ನನ್ನ ಹೆಂಡತಿ ಅಕ್ಕನಾಗಮ್ಮ, ತುಪ್ಪ ಹಾಕುತ್ತ. “ಮನಿಗೆ ನಲ್ಲಿ ಬೇಕು ಅಂತ ಎಂಟು ವರ್ಷದಿಂದ ಮುನಿಸಿಪಾಲಿಟಿಗೆ ಬರೀತಿದ್ದೀರಲ್ಲ, ಆ ಅರ್ಜಿ ಯಾವ ಪೆನ್ನಿನಾಗ ಬರೆದ್ರಿ?”

ದೊಡ್ಡ ಕೆಲಸಕ್ಕೆ ಹೊರಟವರು ಇಂಥ ಮಾತಿಗೆ ಕಿವಿಗೊಡಬಾರದು. ನಾನು ಕೊಡಲಿಲ್ಲ.

ವಿಷಯ ಏನೆಂದರೆ, ಹರಿಹರದಲ್ಲಿ ಒಬ್ಬ ಕಾಳಿನ ವ್ಯಾಪಾರಿ ತನ್ನ ತಾಯಿಯ ನೆನಪಿಗೆ ಒಂದು ವಿದ್ಯಾರ್ಥಿ ನಿಧಿ ಸ್ಥಾಪಿಸಿದ್ದ. ಕಾಲೇಜು ಸೇರುವ ಕಷ್ಟದ ಮಕ್ಕಳಿಗೆ ಎರಡು ವರ್ಷದ ಫೀಜು, ಪುಸ್ತಕ, ಎರಡು ಜೊತೆ ಬಟ್ಟೆ! ಅದಕ್ಕೆ ಅರ್ಜಿ ಹಾಕಬೇಕು ಅಷ್ಟೆ. ಅರ್ಜಿಗೆ ಒಂದು ಕಾಲವಿದೆ, ಒಂದು ಕ್ರಮವಿದೆ. ಫಲಿತಾಂಶ ಬರಲಿ, ಆಮೇಲೆ ನೋಡೋಣ ಎನ್ನುವವರೇ ಎಲ್ಲ. ಫಲಿತಾಂಶ ಬಂದ ಮರುದಿನ ಶಾನುಭೋಗರ ಮನೆ ಮುಂದೆ ಕಾಲಿಡಲು ಜಾಗ ಇರುವುದಿಲ್ಲ. ವರಮಾನದ ಸರ್ಟಿಫಿಕೇಟನ್ನು ಏಪ್ರಿಲ್ಲಿನಲ್ಲೇ ತೆಗೆದಿಟ್ಟುಕೊಳ್ಳಬೇಕು. ಅಂಕಪಟ್ಟಿ ಕೈಗೆ ಬಂದ ದಿನವೇ ನಕಲು ಮಾಡಿ ದೊಡ್ಡ ಅಧಿಕಾರಿಯ ಸಹಿ ಹಾಕಿಸಬೇಕು. ಕಾಲೇಜಿನ ಬಾಗಿಲು ತೆರೆಯುವ ಮೊದಲೇ ಅರ್ಜಿ ನಿಧಿಯವರ ಮೇಜಿನ ಮೇಲೆ ಹೋಗಿ ಕೂತಿರಬೇಕು.

ಇದನ್ನೆಲ್ಲ ನಾನು ನನ್ನ ಮಗನಿಗೆ ಹೇಳಿದೆ. ಅವನು ಹೋಳಿಗೆ ತಿನ್ನುತ್ತಿದ್ದ. ಗೋಡೆಯಾಚೆ ಮನೆಯ ನೀಲಕ್ಕನಿಗೂ ಹೇಳಿದೆ. ಅವಳು ಬರೆದುಕೊಂಡಳು.

ನಮ್ಮದು ಹಳೇಪೇಟೆಯ ವಠಾರ. ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ, ಅದೂ ಮೇಲೆ ಹಂಚಿನವರೆಗೆ ಹೋಗದೆ ಮುಕ್ಕಾಲಿಗೇ ನಿಂತಿತ್ತು. ಈ ಕಡೆ ಒಗ್ಗರಣೆ ಹಾಕಿದರೆ ಆ ಕಡೆ ಕೆಮ್ಮು! ಆ ಕಡೆ ಇದ್ದವನು ಹತ್ತಿ ಗಿರಣಿಯ ಕೂಲಿ ಕಾಟಪ್ಪ. ಅವನ ಹೆಂಡತಿ ಚೌಡವ್ವ ಮಂಡಕ್ಕಿ ಭಟ್ಟಿಯಲ್ಲಿ ಬೆಳಗಿನಿಂದ ಬೈಗಿನವರೆಗೆ ಬೆಂಕಿಯ ಮುಂದೆ ಕೂತು ಮಂಡಕ್ಕಿ ಹುರಿಯುತ್ತಿದ್ದಳು. ಮಗಳು ನೀಲಕ್ಕ ಎಸ್ಸೆಸ್ಸೆಲ್ಸಿಯಲ್ಲಿ ಮೊದಲನೇ ದರ್ಜೆಯಲ್ಲಿ ಪಾಸಾದಳು. ನಮ್ಮ ಕರಿಬಸವರಾಜನೂ ಪಾಸಾದ, ಯಾವ ದರ್ಜೆ ಎಂದು ನಾನು ಯಾರಿಗೂ ಹೇಳಿಲ್ಲ, ಈಗಲೂ ಹೇಳುವುದಿಲ್ಲ.

“ನಿಧಿಯವರು ಕೊಟ್ರೆ ಕಾಲೇಜು,” ಎಂದಿದ್ದಳು ಚೌಡವ್ವ. “ಕೊಡದಿದ್ರೆ ಆಷಾಢದಾಗ ನನ್ನ ಜೊತೆಗೆ ಭಟ್ಟಿಗೆ. ಒಬ್ಬರಿಗೆ ಜಾಗ ಐತಂತೆ, ಭಟ್ಟಿ ಧಣಿ ಕೇಳ್ಯಾರೆ.” ಪಕ್ಕದಲ್ಲಿ ನಿಂತಿದ್ದ ನೀಲಕ್ಕ ತಾಯಿಯ ಕೈ ನೋಡುತ್ತಿದ್ದಳು. ಆ ಕೈಯಲ್ಲಿ ಸುಟ್ಟ ಕಲೆಗಳಿಲ್ಲದ ಜಾಗ ಕಡಿಮೆ.

ನೀಲಕ್ಕನ ಅರ್ಜಿಯನ್ನು ನಾನೇ ಬರೆದೆ, ದುಡ್ಡು ತೆಗೆದುಕೊಳ್ಳದೆ. ಬರೆಯುತ್ತ ಆ ಹುಡುಗಿಗೆ ನನ್ನ ಮೂರು ಸೂತ್ರಗಳನ್ನು ಉಪದೇಶ ಮಾಡಿದೆ. “ಹೊತ್ತಿಗೆ ಮುಂಚೆ ಹಾಕ್ಬೇಕು. ಇದ್ದದ್ದು ಇದ್ದಂಗೆ ಬರೀಬೇಕು. ಬಾಯಿ ಮಾತು ಯಾರೂ ನಂಬಲ್ಲ, ದಾಖಲೆ ಲಗತ್ತಿಸಬೇಕು! ಲಗತ್ತು ಇಲ್ದ ಅರ್ಜಿ ಮಂಡಕ್ಕಿ ಕಟ್ಟಾಕೆ ಹೋಗ್ತದೆ, ತಿಳೀತಾ?”

“ತಿಳೀತ್ರಿ ದೊಡ್ಡಪ್ಪ,” ಎಂದಳು ನೀಲಕ್ಕ. ಮೆತ್ತಗಿನ ಹುಡುಗಿ.

ಮಗನ ಅರ್ಜಿಗೆ ಬಂದಾಗ, ಇದ್ದದ್ದು ಇದ್ದಂತೆ ಬರೆಯುವ ಎರಡನೆಯ ಸೂತ್ರ ನನಗೇ ಸ್ವಲ್ಪ ಬಿಗಿಯಾಯಿತು. ನನಗೆ ಕುಕ್ಕುವಾಡದಲ್ಲಿ ನಾಲ್ಕು ಎಕರೆ ಜಮೀನಿತ್ತು. ಆದರೆ ಖಾತೆ ಇನ್ನೂ ತೀರಿಹೋದ ನಮ್ಮಪ್ಪನ ಹೆಸರಿನಲ್ಲೇ ಇತ್ತು. ಅಂದಮೇಲೆ ಅದು ನಮ್ಮಪ್ಪನದು, ಅವರು ಕಾಲೇಜಿಗೆ ಅರ್ಜಿ ಹಾಕಿಲ್ಲವಲ್ಲ! ಹೀಗೆ ತರ್ಕ ಮಾಡಿ, ‘ಅರ್ಜಿದಾರನ ತಂದೆಯು ಮರದ ಕೆಳಗೆ ಕುಳಿತು ಲೇಖನಿಯೊಂದನ್ನೇ ನಂಬಿ ಜೀವಿಸುವ ಬಡ ಪ್ರಾಣಿಯಾಗಿದ್ದು’ ಎಂದು ಶುರು ಮಾಡಿದೆ. ಬರೆದು ಮುಗಿಸಿ ಓದಿಕೊಂಡರೆ ನನಗೇ ಕಣ್ಣಲ್ಲಿ ನೀರು ಬಂತು.

ಎರಡೂ ಅರ್ಜಿ ಹಿಡಿದು ರೈಲು ಹತ್ತಿ ಹರಿಹರಕ್ಕೆ ಹೋದೆ. ನಿಧಿಯ ಗುಮಾಸ್ತ ಮೈಲಪ್ಪ ಎಂಬಾತ ಎರಡಕ್ಕೂ ಮೊಹರು ಹೊಡೆದು, ತಣ್ಣಗೆ ಹೇಳಿದ, “ಭಾನುವಾರ ಮೇಷ್ಟ್ರು ಬರ್ತಾರ್ರಿ ದಾವಣಗೆರೆಗೆ.”

“ಯಾವ ಮೇಷ್ಟ್ರು? ಯಾಕ?”

“ಜಮಾಲುದ್ದೀನ್ ಮೇಷ್ಟ್ರು. ಹೆಡ್ಮಾಸ್ಟರಾಗಿ ರಿಟೈರಾದೋರು. ಮನಿ ನೋಡಾಕೆ. ಅರ್ಜಿಯೊಳಗೆ ಎಲ್ಲರೂ ಬಡವರೇ ಅಲ್ಲೇನ್ರಿ? ಅದಕ್ಕೆ ಮನಿಗೇ ಹೋಗಿ ನೋಡಿ ಬರ್ತಾರೆ.”

ರೈಲಿನಲ್ಲಿ ಹಿಂತಿರುಗುವಾಗ ತುಂಗಭದ್ರೆಯ ಗಾಳಿ ಬೀಸುತ್ತಿತ್ತು, ಆದರೂ ನಾನು ಬೆವರುತ್ತಿದ್ದೆ. ನನ್ನ ಮನೆಯಲ್ಲಿ ಒಂದು ರೇಡಿಯೋ ಇತ್ತು. ಒಂದು ಗೋಡೆ ಗಡಿಯಾರ, ಎರಡು ಬೆತ್ತದ ಕುರ್ಚಿ, ಅಕ್ಕನಾಗಮ್ಮನ ತವರಿನಿಂದ ಬಂದ ಒಂದು ಗಾಡಿ ಹಿತ್ತಾಳೆ, ತಾಮ್ರದ ಪಾತ್ರೆ, ಎರಡು ಬೆಳ್ಳಿ ಲೋಟ ಇದ್ದವು. ಬಡ ಪ್ರಾಣಿಯ ಮನೆ ಎಂದು ಯಾರು ನಂಬುತ್ತಾರೆ? ದಾವಣಗೆರೆ ಸ್ಟೇಷನ್ನಿನಲ್ಲಿ ಇಳಿಯುವ ಹೊತ್ತಿಗೆ ನನ್ನ ಬುದ್ಧಿ ದಾರಿ ಹುಡುಕಿತ್ತು. ಎಲ್ಲವನ್ನೂ ಪಕ್ಕದ ಮನೆಗೆ ಸಾಗಿಸುವುದು! ಅಲ್ಲಿಗೆ ಮೇಷ್ಟ್ರು ಹೋಗುವುದಿಲ್ಲ ಎಂದು ನನಗೆ ಖಾತ್ರಿ. ಕಾಟಪ್ಪನ ಬಡತನ ಬೀದಿಯ ತುದಿಯಿಂದಲೇ ಕಾಣುತ್ತದೆ, ಅದನ್ನು ನೋಡಲು ಒಳಗೆ ಯಾಕೆ ಹೋಗಬೇಕು?

ಭಾನುವಾರ ಬೆಳಿಗ್ಗೆ ಕಾಟಪ್ಪ ಗಿರಣಿಗೆ ಪಾಳಿಗೆ ಹೋದ ಮೇಲೆ ಸಾಗಣೆ ಶುರುವಾಯಿತು.

“ಆ ತಂಬಿಗೆ ಹುಷಾರು!” ಎಂದಳು ಅಕ್ಕನಾಗಮ್ಮ ಬಾಗಿಲಿಗೆ ಅಡ್ಡ ನಿಂತು. “ನಮ್ಮವ್ವ ಹೆಸರು ಬರೆಸಿ ಕೊಟ್ಟದ್ದು. ಚೊಟ್ಟು ಬಿದ್ರೆ ನಿಮ್ಮನ್ನ ಬಿಡಲ್ಲ ನಾನು. ಏನ್ರಿ ಇದು ಅಸಹ್ಯ? ಇದ್ದದ್ದನ್ನ ಇಲ್ಲ ಅನ್ನೋದು?”

“ಒಂದು ಹೊತ್ತಿನ ಮಟ್ಟಿಗೆ ಕಣೆ! ಎರಡು ವರ್ಷದ ಫೀಜು! ನೀನು ಒಂದು ಹರಿದ ಸೀರೆ ಉಟ್ಕೊ ಹೋಗು.”

“ನನ್ನತ್ರ ಇರೋವೆಲ್ಲ ನಮ್ಮಪ್ಪ ಕೊಡ್ಸಿದ್ದು, ಒಂದೂ ಹರಿದಿಲ್ಲ. ನೀವು ಕೊಡ್ಸಿದ್ದು ಒಂದಾದ್ರೂ ಇದ್ದಿದ್ರೆ ಇಷ್ಟೊತ್ತಿಗೆ ಹರಿದಿರೋದು.”

ಮಗನಿಗೆ ಹೊಟ್ಟೆ ಒಳಗೆಳೆದುಕೊಂಡು ನಿಲ್ಲುವ ಅಭ್ಯಾಸ ಮಾಡಿಸಿದೆ. ಮೂರು ಎಣಿಸುವಷ್ಟರಲ್ಲಿ ಅದು ಹಾರಿ ಮುಂದೆ ಬರುತ್ತಿತ್ತು. “ಅಪ್ಪಾಜಿ, ಉಸಿರು ಬಿಡ್ಬೇಕಾ ಬ್ಯಾಡ್ವಾ?” ಎಂದು ಕೇಳಿದ. ಅವನನ್ನು ಮಂಡಿಪೇಟೆಯ ಸೋದರಮಾವನ ಮನೆಗೆ ಅಟ್ಟಿದೆ.

ಭಾನುವಾರ ಭಟ್ಟಿಗೆ ರಜೆ. ಪಕ್ಕದ ಮನೆಯಲ್ಲಿ ಚೌಡವ್ವ ಕೈಕಟ್ಟಿ ನಿಂತು, ತನ್ನ ಒಂದೇ ಕೋಣೆ ತುಂಬುವುದನ್ನು ನೋಡುತ್ತಿದ್ದಳು. ನಾನು ಗುಟ್ಟಿನ ದನಿಯಲ್ಲಿ ಹೇಳಿದೆ, “ನೋಡು ಚೌಡವ್ವ, ಸಂಜೆಗೆ ಒಯ್ತೀನಿ. ಯಾರೇ ಕೇಳ್ಲಿ, ಇವು ಯಾರ ಸಾಮಾನು ಅಂತ ಬಾಯಿ ಬಿಡಬಾರ್ದು.”

“ಯಾಕ ಬಿಡ್ಲಿ ಅಣ್ಣಾರೆ. ನೀವು ನಮ್ಮ ಹುಡುಗಿಗೆ ಅಷ್ಟು ಬರಕೊಟ್ಟೀರಿ.”

ಅಷ್ಟು ಸಾಲದೇ? ಸಾಲಲಿಲ್ಲ ನನಗೆ. ಕಾಗದ ಪತ್ರದವನಿಗೆ ಬಾಯಿ ಮಾತಿನ ಮೇಲೆ ನಂಬಿಕೆ ಎಲ್ಲಿಂದ ಬರಬೇಕು? “ಆಣೆ ಮಾಡು,” ಎಂದೆ.

ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಗೂಡಿನ ದೀಪದ ಕಡೆ ತಿರುಗಿ, “ತಾಯಿ ಉಚ್ಚೆಂಗೆಮ್ಮನ ಆಣೆ. ಇವು ಯಾರವು ಅಂತ ನಾನು ಹೇಳಲ್ಲ,” ಎಂದಳು. ನೀಲಕ್ಕ ಆಗ ಬೀದಿ ನಲ್ಲಿಗೆ ನೀರಿಗೆ ಹೋಗಿದ್ದಳು, ಬಂದ ಮೇಲೆ ತಾಯಿ ಅವಳಿಗೆ ಆಣೆಯ ವಿಷಯ ಹೇಳಿದ್ದು ಗೋಡೆಯಾಚೆಯಿಂದ ಕೇಳಿಸಿತು.

ಮನೆಗೆ ಬಂದು ತೂತು ಬನಿಯನ್ನು ಹಾಕಿಕೊಂಡು ಚಾಪೆಯ ಮೇಲೆ ಕೂತೆ. ಗಡಿಯಾರ ತೆಗೆದ ಜಾಗದಲ್ಲಿ ಗೋಡೆ ದುಂಡಗೆ ಬೆಳ್ಳಗಿತ್ತು. ಅದಕ್ಕೆ ಕ್ಯಾಲೆಂಡರು ತೂಗುಹಾಕಿದೆ. ಬಡತನ ಇಷ್ಟು ಅಂದವಾಗಿ ಹಿಂದೆಂದೂ ನಮ್ಮ ಮನೆಯಲ್ಲಿ ಕಂಡಿರಲಿಲ್ಲ!

ಹತ್ತು ಗಂಟೆಯ ಸುಮಾರಿಗೆ ಬೀದಿಯಲ್ಲಿ ಊರುಗೋಲಿನ ಸದ್ದು ಕೇಳಿತು. ಟಕ್, ಟಕ್, ಟಕ್. ನಾನು ಕೆನ್ನೆ ಒಳಗೆಳೆದುಕೊಂಡೆ. ಸದ್ದು ನಮ್ಮ ಬಾಗಿಲಿಗೆ ಬಂತು. ನಿಲ್ಲಲಿಲ್ಲ. ಮುಂದೆ ಹೋಯಿತು. ಪಕ್ಕದ ಬಾಗಿಲಲ್ಲಿ ನಿಂತಿತು!

“ಗಿರಣಿ ಕಾಟಪ್ಪನವರ ಮನಿ ಇದೇನಮ್ಮ? ಹರಿಹರದಿಂದ ಬಂದೀನಿ. ನಿಧಿಯವರು ಕಳಿಸ್ಯಾರೆ.”

“ಬರ್ರಿ, ಬರ್ರಿ, ಒಳಗೆ ಬರ್ರಿ. ಕೂಡ್ರಿ ಸಾಹೇಬ್ರೆ,” ಎಂದಳು ಚೌಡವ್ವ. ಕುರ್ಚಿ ಕಿರುಗುಟ್ಟಿತು. ನನ್ನ ಕುರ್ಚಿ! ಅದರ ದನಿ ನನಗೆ ಗೊತ್ತಿಲ್ಲವೇ? ಆ ಹೊತ್ತಿಗೆ ಸರಿಯಾಗಿ ನನ್ನ ಗಡಿಯಾರ ಢಣ್ ಢಣ್ ಎಂದು ಹನ್ನೊಂದು ಹೊಡೆಯಿತು. ಯಾವಾಗಲೂ ಒಂದು ಹೆಚ್ಚಿಗೆ ಹೊಡೆಯುವುದು ಅದರ ಚಟ.

ನಾನೂ ಅಕ್ಕನಾಗಮ್ಮನೂ ಗೋಡೆಗೆ ಕಿವಿ ಹಚ್ಚಿದೆವು. ಹಚ್ಚುವ ಅಗತ್ಯವೇ ಇರಲಿಲ್ಲ, ಆ ಗೋಡೆಯಾಚೆಯ ಮಾತು ಕೂತಲ್ಲಿಂದಲೇ ಕೇಳುತ್ತಿತ್ತು. ಆದರೂ ಭಯಕ್ಕೆ ಹಚ್ಚಿದೆವು.

“ನೀರು ಕೊಡೇ ನೀಲಿ, ಸಾಹೇಬ್ರಿಗೆ.”

ಪಾತ್ರೆಯ ಸದ್ದು. ಗುಟುಕು ಗುಟುಕು ನೀರು ಕುಡಿದ ಸದ್ದು.

“ಗಡಿಯಾರ ಚೆನ್ನಾಗೈತೆ,” ಎಂದರು ಮೇಷ್ಟ್ರು. “ರೇಡಿಯೋನೂ ಐತೆ. ಬೆಳ್ಳಿ ಲೋಟ ಕಾಣ್ತಾವೆ. ಇವೆಲ್ಲ ನಿಮ್ಮವೇನಮ್ಮ?”

ಚೌಡವ್ವ ಕೆಮ್ಮಿದಳು.

“ನಿಮ್ಮವಲ್ಲೇನು?”

“ಹೇಳಾಕೆ ಬರಲ್ರಿ,” ಎಂದಳು ಚೌಡವ್ವ.

“ಬೇರೆ ಯಾರವಾದ್ರೂ ಇದಾವೇನು?”

“ಅದೂ ಹೇಳಾಕೆ ಬರಲ್ರಿ.”

“ಹಿಂಗಂದ್ರೆ ಹೆಂಗಮ್ಮ? ರೇಡಿಯೋಕ್ಕೆ ಲೈಸೆನ್ಸ್ ಬೇಕು. ಅದು ಯಾರ ಹೆಸರಿನಾಗೈತೆ, ಅದನ್ನಾದ್ರೂ ಹೇಳು.” ಮೇಷ್ಟ್ರ ದನಿ ಜೋರಾಯಿತು, ಅಗತ್ಯಕ್ಕಿಂತ ಸ್ವಲ್ಪ ಜೋರೇ ಆಯಿತು. “ಅರ್ಜಿಯೊಳಗೆ ಮನಿಯಾಗ ಏನೂ ಇಲ್ಲ ಅಂತ ಐತೆ. ಇಲ್ಲಿ ನೋಡಿದ್ರೆ ನಮ್ಮ ಧಣಿ ಮನಿಯಾಗೂ ಇಷ್ಟು ಇಲ್ಲ. ಹಿಂಗಿದ್ರೆ ನಾನು ಇಲ್ಲ ಅಂತ ಬರೀಬೇಕಾಗ್ತದೆ. ನಿನ್ನ ಮಗಳ ಓದು ಇಲ್ಲಿಗೇ ನಿಲ್ತದೆ. ಆಗಬಹುದಾ?”

ಚೌಡವ್ವ ಅಳುತ್ತಿದ್ದಳು. ಅಳುತ್ತಲೇ ಹೇಳಿದಳು, “ನಾನು ಮಾತು ಕೊಟ್ಟೀನ್ರಿ ಸಾಹೇಬ್ರೆ. ತಾಯಿ ಆಣೆ ಮಾಡೀನಿ. ನನ್ನ ಕೈಲಿ ಆಗಲ್ಲ.”

ಅಯ್ಯೋ ಹುಚ್ಚೀ! ಹೇಳಿಬಿಡಬಾರದೇ? ಬಕ್ಕೇಶಪ್ಪನವು ಎಂದು ಒಂದು ಮಾತು! ಹದಿನೆಂಟು ವರ್ಷದಲ್ಲಿ ನಾನು ಎಷ್ಟು ಮುಚ್ಚಳಿಕೆ ಬರೆದಿದ್ದೇನೆ, ಎಷ್ಟು ಕರಾರು ಬರೆದಿದ್ದೇನೆ. ಸಹಿ ಹಾಕಿದ ಶಾಯಿ ಒಣಗುವ ಮೊದಲೇ ಮುರಿದವರನ್ನು ಕಂಡಿದ್ದೇನೆ. ಸಹಿ ಹಾಕಲೂ ಬಾರದ ಈ ಹೆಂಗಸು ಒಬ್ಬ ಸುಳ್ಳುಗಾರನಿಗೆ ಕೊಟ್ಟ ಮಾತಿಗಾಗಿ ಮಗಳ ಬದುಕನ್ನೇ ಎದುರಿಗಿಟ್ಟು ಕೂತಿದ್ದಳು. ನನ್ನ ಮೇಲೆ ನನಗೇ ಅಸಹ್ಯವಾಯಿತು. ಹಾಗಂತ ಎದ್ದೆನೇ? ಇಲ್ಲ. ಗಾಬರಿಯಲ್ಲಿ ಒಂದು ದೊಡ್ಡ ಚಿಟಿಕೆ ನಶ್ಯ ಏರಿಸಿದೆ. ಏರಿಸಬಾರದಿತ್ತು. ಸೀನು ಬಂತು. ಬಾಯಿ ಮುಚ್ಚಿದೆ, ಮೂಗು ಹಿಡಿದೆ, ಧೋತರದ ಚುಂಗು ತುರುಕಿಕೊಂಡೆ. ಆದರೂ ಗಿರಣಿಯ ಸಿಳ್ಳಿನಂತೆ ಒಂದು ಹೊರಬಿದ್ದೇ ಬಿಟ್ಟಿತು!

ಆಚೆ ಕಡೆ ಊರುಗೋಲು ಒಮ್ಮೆ ಟಕ್ ಎಂದಿತು.

“ಒಂದು ಕಾಗದ ಬರೆದು ಹರಿಹರಕ್ಕೆ ಹಾಕಿದ್ರೆ ಹೆಂಗೆ?” ಎಂದು ಅಕ್ಕನಾಗಮ್ಮನ ಕಿವಿಯಲ್ಲಿ ಉಸುರಿದೆ. “‘ತಪ್ಪು ತಿಳುವಳಿಕೆಯಿಂದ...’ ಅಂತ ಶುರು ಮಾಡಿ...”

ಅವಳು ನನ್ನ ಕೈಯಿಂದ ನಶ್ಯದ ಡಬ್ಬಿ ಕಸಿದುಕೊಂಡಳು. ಅವಳ ಕಣ್ಣಲ್ಲೂ ನೀರಿತ್ತು, ನಶ್ಯದ ನೀರಲ್ಲ. “ಹದಿನೆಂಟು ವರ್ಷ ಊರಿನವರಿಗೆಲ್ಲ ಬಾಯಿ ಆಗಿದ್ರಿ. ಇವತ್ತು ನಿಮಗೆ ಬಾಯಿ ಇಲ್ಲೇನು? ಎದ್ದು ಹೋಗ್ರಿ. ನೀವು ಹೋಗ್ಲಿಲ್ಲ ಅಂದ್ರೆ ನಾನು ಹೋಗ್ತೀನಿ. ಆಮೇಲೆ ಈ ಮನಿಗೆ ವಾಪಸ್ ಬರಲ್ಲ.”

ಎದ್ದೆ. ಬನಿಯನ್ನು ಬದಲಿಸಬೇಕೆಂದು ನೆನಪಾಯಿತು, ಅಂಗಿಯೂ ಪಕ್ಕದ ಮನೆಯಲ್ಲೇ ಇದೆ ಎಂದೂ ನೆನಪಾಯಿತು. ಹಾಗೇ ಹೋದೆ.

ನನ್ನ ಕುರ್ಚಿಯಲ್ಲಿ ಬಿಳಿ ಗಡ್ಡದ, ಕಪ್ಪು ಟೋಪಿಯ ಮುದುಕರೊಬ್ಬರು ಕೂತಿದ್ದರು. ಚೌಡವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಮೂಲೆಯಲ್ಲಿದ್ದಳು. ನೀಲಕ್ಕ ಬಾಗಿಲ ಪಕ್ಕ ನೆಟ್ಟಗೆ ನಿಂತಿದ್ದಳು. ಅವಳು ನನ್ನನ್ನು ನೋಡಿದ ನೋಟ ನೆನೆದರೆ ಈಗಲೂ ನನಗೆ ಊಟ ರುಚಿಸುವುದಿಲ್ಲ.

“ಮೇಷ್ಟ್ರೆ,” ಎಂದೆ. ಹೊಸದಾಗಿ ಬರೆಯಲು ಕಲಿತವನ ಹಾಗೆ ಒಂದೊಂದೇ ಪದ ಹುಡುಕಿದೆ. “ಇವೆಲ್ಲ ನನ್ನವು. ಗಡಿಯಾರ, ರೇಡಿಯೋ, ಎಲ್ಲ. ನಾನೇ ತಂದಿಟ್ಟೆ. ನಮ್ಮ ಮನೆ ಖಾಲಿ ಕಾಣ್ಲಿ ಅಂತ. ಕುಕ್ಕುವಾಡದಾಗ ಜಮೀನೂ ಐತೆ, ಬರೆದಿಲ್ಲ. ಈಯಮ್ಮನ ಕೈಲಿ ಆಣೆ ಹಾಕಿಸಿದ್ದೂ ನಾನೇ. ಆ ಹುಡುಗಿಗೆ ಇಲ್ಲ ಅನ್ನಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ.”

“ಬೀಳಬ್ಯಾಡ್ರಿ, ಬನಿಯನ್ ಇನ್ನೂ ಹರೀತದೆ,” ಎಂದರು ಮೇಷ್ಟ್ರು. “ಕೂಡ್ರಿ, ನಿಮ್ಮದೇ ಇನ್ನೊಂದು ಕುರ್ಚಿ ಐತಲ್ಲ. ನನಗೆ ಆಗಲೇ ಗೊತ್ತಾಗಿತ್ತು.”

ನೀರು ಕುಡಿದು ಮಡಿಲಲ್ಲಿಟ್ಟುಕೊಂಡಿದ್ದ ತಂಬಿಗೆಯನ್ನು ಎತ್ತಿ ನನ್ನ ಕಡೆ ತಿರುಗಿಸಿದರು. ಅದರ ಹೊಟ್ಟೆಯ ಮೇಲೆ ದುಂಡಗಿನ ಅಕ್ಷರದಲ್ಲಿ ಕೊರೆದಿತ್ತು: ‘ಚಿ. ಸೌ. ಅಕ್ಕನಾಗಮ್ಮ ಬಕ್ಕೇಶಪ್ಪನವರಿಗೆ ತವರಿನವರು ಕೊಟ್ಟದ್ದು.’

ಇಪ್ಪತ್ತು ವರ್ಷ ಆ ತಂಬಿಗೆಯಲ್ಲಿ ನೀರು ಕುಡಿದಿದ್ದೆ. ಒಂದು ಗಾಡಿ ಪಾತ್ರೆ, ಒಂದೊಂದರ ಮೇಲೂ ನನ್ನ ಹೆಸರು! ಊರಿನವರ ಕಾಗದದಲ್ಲಿ ಒಂದು ಕೊಂಬು ತಪ್ಪಿದರೂ ಹಿಡಿಯುವ ಬಿಕ್ಕಲಂ ಬಕ್ಕೇಶಪ್ಪ ತನ್ನ ಮನೆಯ ಪಾತ್ರೆ ಓದಿರಲಿಲ್ಲ.

“ಗೊತ್ತಿದ್ದೂ ಆ ತಾಯಿನ ಯಾಕೆ ಅಳಿಸಿದ್ರಿ ಮೇಷ್ಟ್ರೆ?” ಎಂದೆ. ನನಗೂ ಸ್ವಲ್ಪ ಸಿಟ್ಟು ಬಂದಿತ್ತು.

“ತಪ್ಪಾಯ್ತಮ್ಮ, ನೀನು ಅಳ್ತೀಯ ಅಂತ ಅಂದ್ಕೊಂಡಿರಲಿಲ್ಲ,” ಎಂದು ಮೇಷ್ಟ್ರು ಚೌಡವ್ವನಿಗೆ ಕೈಮುಗಿದರು. ಆಮೇಲೆ ನನ್ನ ಕಡೆ ತಿರುಗಿದರು. “ನಾನು ಕೇಳಿದ್ದು ಈಯಮ್ಮನ್ನ ಅಲ್ರಿ. ಗೋಡೇನ. ಆಚೆ ಉಸಿರು ಕೇಳ್ತಿತ್ತು. ಆಮೇಲೆ ಗೋಡೆ ಸೀನಿತು. ಎದ್ದು ಬರ್ತೀರೋ ಇಲ್ಲೋ, ನೋಡೋಣ ಅಂತಿದ್ದೆ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದೋನು, ಚಾಳಿ ಬಿಟ್ಟಿಲ್ಲ. ಬಂದ್ರಲ್ಲ, ಆಯ್ತು.”

ಅಲ್ಲೇ ಕೂತು ನೀಲಕ್ಕನ ಅರ್ಜಿಯ ಮೇಲೆ ಶಿಫಾರಸು ಬರೆದು ಸಹಿ ಹಾಕಿದರು. ಆಮೇಲೆ ಒಂದು ಬಿಳಿ ಹಾಳೆ ನನ್ನ ಮುಂದೆ ಇಟ್ಟರು. “ನಿಮ್ಮ ಮಗನ ಅರ್ಜಿ ವಾಪಸ್ ತಗೊಳ್ಳಾಕೂ ಒಂದು ಅರ್ಜಿ ಬೇಕಲ್ರಿ.” ನಾನು ಬರೆದೆ: ‘ನಮಗೆ ಇದೆ. ಇಲ್ಲದವರಿಗೆ ಕೊಡಿರಿ.’ ಮೇಷ್ಟ್ರು ಓದಿ, ಮಡಿಚಿ ಜೇಬಿಗಿಟ್ಟುಕೊಂಡರು. “ಹದಿನೆಂಟು ವರ್ಷದಾಗ ಇಷ್ಟು ಚೊಕ್ಕದಾಗಿ ಬರೆದಿದ್ರೇನು?” ಎಂದು ಕೇಳಿದರು. ಬರೆದಿರಲಿಲ್ಲ.

ಅವರನ್ನು ಹಾಗೇ ಕಳಿಸಲು ಅಕ್ಕನಾಗಮ್ಮ ಬಿಡಲಿಲ್ಲ. ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ಮಾಡಿ, ಚೌಡವ್ವನ ಮನೆಯಲ್ಲೇ ಎಲ್ಲರಿಗೂ ಕೊಟ್ಟಳು. ಪಾತ್ರೆಗಳೆಲ್ಲ ಹೇಗೂ ಅಲ್ಲೇ ಇದ್ದವಲ್ಲ!

ಕರಿಬಸವರಾಜನೂ ಆ ವರ್ಷ ಕಾಲೇಜು ಸೇರಿದ. ಫೀಜು ಹೊಂದಿಸಿದ್ದು ರೇಡಿಯೋ. ಮಾರುವುದೆಂದು ತೀರ್ಮಾನಿಸಿದವಳು ಅಕ್ಕನಾಗಮ್ಮ. “ಅದು ಹೆಂಗೂ ಮನಿ ಬಿಟ್ಟು ಹೋಗಿ ಬಂದೈತೆ, ರೂಢಿ ಆಗೈತೆ,” ಎಂದಳು.

ಆದರೆ ಅದು ಆಮೇಲಿನ ಮಾತು. ಆ ಭಾನುವಾರ ಸಂಜೆ ನಾನೂ ನೀಲಕ್ಕನೂ ಸಾಮಾನು ಹೊತ್ತು ವಾಪಸ್ ತರುತ್ತಿದ್ದೆವು. ಅವಳ ಕೈಯಲ್ಲಿ ಆ ತಂಬಿಗೆ ಇತ್ತು. ನನಗೆ ಬೆಳಗಿನಿಂದ ಒಂದು ಪ್ರಶ್ನೆ ಕೊರೆಯುತ್ತಿತ್ತು. ಅವರ ಮನೆಯಲ್ಲೂ ಒಂದು ಮಣ್ಣಿನ ಹೂಜಿ ಇದೆ, ಒಂದು ಅಲ್ಯೂಮಿನಿಯಂ ಲೋಟ ಇದೆ. ನನ್ನ ರಾಶಿಯಲ್ಲಿ ಬೆಳ್ಳಿ ಲೋಟವೂ ಇತ್ತು.

“ಅಲ್ಲವ್ವ ನೀಲಿ,” ಎಂದೆ. “ಮೇಷ್ಟ್ರಿಗೆ ನೀರು ಕೊಡಾಕೆ ಈ ತಂಬಿಗೇನೇ ಯಾಕ ತಗೊಂಡೆ? ಅದೂ ಹೆಸರು ತಮ್ಮ ಕಡೆ ಮಾಡಿ ಕೊಟ್ಲು ಅಂದ್ರಲ್ಲ ಅವರು?”

ಅವಳು ತಂಬಿಗೆಯನ್ನು ನಮ್ಮ ಗೂಡಿನಲ್ಲಿಟ್ಟು, ಹೆಸರು ಹೊರಗೆ ಕಾಣುವಂತೆ ತಿರುಗಿಸಿದಳು.

“ಆಣೆ ಮಾಡಿದ್ದು ಅವ್ವ, ನಾನಲ್ಲ,” ಎಂದಳು ಆ ಮೆತ್ತಗಿನ ಹುಡುಗಿ. “ಆದ್ರೂ ಅವ್ವನ ಮಾತು ಉಳೀಬೇಕಲ್ರಿ, ಅದಕ್ಕೆ ಬಾಯಿ ಬಿಡ್ಲಿಲ್ಲ. ನೀವೇ ಹೇಳಿಕೊಟ್ಟಿದ್ರಲ್ಲ ದೊಡ್ಡಪ್ಪ, ಬಾಯಿ ಮಾತು ಯಾರೂ ನಂಬಲ್ಲ, ದಾಖಲೆ ಲಗತ್ತಿಸಬೇಕು ಅಂತ. ಲಗತ್ತಿಸಿದೆ.”